ಮಾಯದ ಗಾಯಕ್ಕೆ ಮೊದಲು ಪರೀಕ್ಷೆ, ಆಮೇಲೆ ಮುಲಾಮು

ಕ್ಷಯವೆಂಬ ಶಬ್ದವು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿಗೆ ಬರುವುದು ಕೆಮ್ಮು, ಕಫ, ಸಂಜೆಯ ಜ್ವರ ಮತ್ತು ಸೊರಗಿದ ದೇಹ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂಬ ತಿಳಿವಳಿಕೆಯು ಸರಕಾರದ ಪ್ರಚಾರದಿಂದಲೂ ಆಶಾ ಕಾರ್ಯಕರ್ತೆಯರ ಶ್ರಮದಿಂದಲೂ ನಮ್ಮ ಹಳ್ಳಿಗಳವರೆಗೆ ಬಂದು ತಲುಪಿದೆ. ಇದು ಸಂತೋಷದ ಸಂಗತಿ. ಆದರೆ ಕ್ಷಯವು ಪುಪ್ಪುಸಕ್ಕೆ ಮಾತ್ರ ಸೀಮಿತವಾದ ರೋಗವಲ್ಲ. ಅದು ಗ್ರಂಥಿಗಳಿಗೆ ಬರುತ್ತದೆ, ಎಲುಬಿಗೆ ಬರುತ್ತದೆ, ಕರುಳಿಗೆ, ಮಿದುಳಿನ ಪೊರೆಗೆ ಬರುತ್ತದೆ. ಚರ್ಮಕ್ಕೂ ಬರುತ್ತದೆ. ಈ ಕೊನೆಯ ಮಾತನ್ನು ಕೇಳಿದಾಗ ಓದುಬರಹ ಬಲ್ಲವರೂ ಹುಬ್ಬೇರಿಸುತ್ತಾರೆ.

ಚರ್ಮದ ಕ್ಷಯವು ಅಪರೂಪದ್ದೆಂಬುದು ನಿಜ. ಪುಪ್ಪುಸದ ಹೊರಗೆ ಬರುವ ಕ್ಷಯದಲ್ಲಿ ಇದರ ಪಾಲು ನೂರಕ್ಕೆ ಒಂದೆರಡು ಮಾತ್ರವೆಂದು ಗ್ರಂಥಗಳು ಹೇಳುತ್ತವೆ. ಆದರೆ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲಿಯೇ ಇದ್ದಾರೆ. ಇಷ್ಟು ದೊಡ್ಡ ರಾಶಿಯಲ್ಲಿ ಸಣ್ಣ ಪಾಲೂ ಸಣ್ಣದಾಗಿ ಉಳಿಯುವುದಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗಗಳಲ್ಲಿ ಮೂರು ದಶಕಗಳಿಗೂ ಮೇಲ್ಪಟ್ಟು ವೈದ್ಯ ವೃತ್ತಿ ಮಾಡಿದವನಾಗಿ ನಾನು ಕಂಡುಕೊಂಡ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ರೋಗವನ್ನು ಗುಣಪಡಿಸುವುದು ಇಂದು ಕಷ್ಟವಲ್ಲ, ಗುರುತಿಸುವುದೇ ಕಷ್ಟ. ಗುರುತಿಸುವ ಮೊದಲೇ ಮುಲಾಮು, ಲೇಪ, ಬರೆ, ಗುಳಿಗೆಗಳೆಂದು ತಿಂಗಳುಗಳನ್ನೂ ವರ್ಷಗಳನ್ನೂ ಕಳೆಯುವ ನಮ್ಮ ರೂಢಿಯೇ ರೋಗಿಗೆ ದೊಡ್ಡ ಹಾನಿ ಮಾಡುತ್ತಿದೆ. ಆರು ವಾರ ಕಳೆದರೂ ಮಾಯದ ಗಾಯ, ಗಡ್ಡೆ ಅಥವಾ ಮಚ್ಚೆಗೆ ಪರೀಕ್ಷೆಯಿಲ್ಲದೆ ಯಾವ ಪದ್ಧತಿಯ ವೈದ್ಯನೂ ಚಿಕಿತ್ಸೆ ಮುಂದುವರಿಸಕೂಡದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಗ್ರಂಥದ ಮಾತು, ಇಂದಿನ ಅರಿವು

ನಮ್ಮ ಆಚಾರ್ಯರು ಈ ಲಕ್ಷಣಗಳನ್ನು ಕಂಡಿರಲಿಲ್ಲವೆಂದು ಯಾರೂ ತಿಳಿಯಬಾರದು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಎಂಟನೆಯ ಅಧ್ಯಾಯವು ರಾಜಯಕ್ಷ್ಮಕ್ಕೇ ಮೀಸಲಾಗಿದೆ. ಸುಶ್ರುತ ಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಗ್ರಂಥಿ ಮತ್ತು ಅಪಚಿಯ ವರ್ಣನೆಯಿದೆ. ಕುತ್ತಿಗೆ, ಕಂಕುಳ ಮೊದಲಾದ ಕಡೆ ಗಡ್ಡೆಗಳು ಸಾಲಾಗಿ ಏಳುವುದು, ಕೆಲವು ಒಡೆದು ಸೋರುವುದು, ಕೆಲವು ಅಡಗುವುದು, ಮತ್ತೆ ಹೊಸವು ತಲೆಯೆತ್ತುವುದು, ಹೀಗೆ ಬಹುಕಾಲ ಎಳೆಯುವುದು ಎಂದು ಅಲ್ಲಿ ಹೇಳಿರುವುದನ್ನು ಓದಿದರೆ, ಇಂದಿನ ಚರ್ಮರೋಗ ತಜ್ಞರು ಸ್ಕ್ರೋಫ್ಯುಲೋಡರ್ಮಾ ಎನ್ನುವ ರೋಗದ ಚಿತ್ರವೇ ಬಹುಮಟ್ಟಿಗೆ ಕಣ್ಣಿಗೆ ಕಟ್ಟುತ್ತದೆ. ಅದೇ ನಿದಾನಸ್ಥಾನದ ಐದನೆಯ ಅಧ್ಯಾಯದ ಕೊನೆಯಲ್ಲಿ, ಒಬ್ಬರಿಂದ ಒಬ್ಬರಿಗೆ ದಾಟುವ ರೋಗಗಳ ಸಾಲಿನಲ್ಲಿ ಕುಷ್ಠ, ಜ್ವರಗಳ ಜೊತೆಗೆ ಶೋಷವನ್ನೂ, ಎಂದರೆ ಕ್ಷಯವನ್ನೂ ಸುಶ್ರುತರು ಹೆಸರಿಸಿದ್ದಾರೆ.

ಆದರೆ ಕುತ್ತಿಗೆಯ ಗಂಡಮಾಲೆಯೂ ಎದೆಯ ರಾಜಯಕ್ಷ್ಮವೂ ಒಂದೇ ಬೀಜದಿಂದ ಹುಟ್ಟಬಲ್ಲವೆಂಬುದು ಅಂದು ತಿಳಿಯುವ ಉಪಾಯವಿರಲಿಲ್ಲ. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ಕ್ರಿಮಿಯನ್ನು ಜಗತ್ತಿಗೆ ತೋರಿಸಿದ ಮೇಲೆ ಈ ಸಂಬಂಧವು ಸ್ಪಷ್ಟವಾಯಿತು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಎಂಬ ವೈದ್ಯರಿಗೆ 1903ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಯುರೋಪಿನಲ್ಲಿ ಆ ಕಾಲಕ್ಕೆ ಈ ರೋಗವು ಜನರ ಮುಖಗಳನ್ನೇ ತಿಂದುಹಾಕುತ್ತಿತ್ತು. ಇಂದು ಬೆಳಕಿನ ಯಂತ್ರವೂ ಬೇಡ. ಆರು ತಿಂಗಳ ಗುಳಿಗೆ ಸಾಕು. ಪೂರ್ವಾಚಾರ್ಯರಿಗೆ ಗೌರವ ಸಲ್ಲಿಸುವುದೆಂದರೆ ಅವರ ಕಣ್ಣಿನ ಸೂಕ್ಷ್ಮತೆಯನ್ನು ಉಳಿಸಿಕೊಂಡು, ಅವರಿಗಿಲ್ಲದ ಸಾಧನವನ್ನು ಉಪಯೋಗಿಸುವುದೇ ಆಗಿದೆ.

ಮೂರು ಮುಖ್ಯ ರೂಪಗಳು

ಚರ್ಮದ ಕ್ಷಯಕ್ಕೆ ರೂಪಗಳು ಹಲವು. ಸಾಮಾನ್ಯ ಓದುಗರು ಮೂರನ್ನು ನೆನಪಿಟ್ಟರೆ ಸಾಕು.

ಮೊದಲನೆಯದು ಲೂಪಸ್ ವಲ್ಗ್ಯಾರಿಸ್. ವಯಸ್ಕರಲ್ಲಿ ಹೆಚ್ಚಾಗಿ ಕಾಣುವುದು ಇದೇ. ಕೆಂಪು-ಕಂದು ಬಣ್ಣದ ಮೆತ್ತನೆಯ ಸಣ್ಣ ಗುಳ್ಳೆಯಾಗಿ ಆರಂಭವಾಗಿ ತಿಂಗಳು ವರ್ಷಗಟ್ಟಲೆ ನಿಧಾನವಾಗಿ ಹರಡುತ್ತದೆ. ಒಂದು ಅಂಚಿನಲ್ಲಿ ಬೆಳೆಯುತ್ತಿದ್ದರೆ ಇನ್ನೊಂದು ಕಡೆ ಅಥವಾ ನಡುವೆ ಮಾಯ್ದು ತೆಳ್ಳನೆಯ ಕಲೆಯಾಗುತ್ತದೆ. ಮಾಯ್ದ ಕಲೆಯಲ್ಲಿಯೇ ಮತ್ತೆ ಹೊಸ ಗುಳ್ಳೆ ಏಳುತ್ತದೆ. ಈ ಕೊನೆಯ ಲಕ್ಷಣವನ್ನು ವಿಶೇಷವಾಗಿ ಗಮನಿಸಬೇಕು. ನೋವಿಲ್ಲ, ತುರಿಕೆ ಇಲ್ಲ, ಇದ್ದರೂ ಅತ್ಯಲ್ಪ. ಯುರೋಪಿನ ಗ್ರಂಥಗಳಲ್ಲಿ ಇದರ ಚಿತ್ರವೆಲ್ಲ ಮುಖದ ಮೇಲೆ. ನಮ್ಮ ದೇಶದಲ್ಲಿ ಪೃಷ್ಠ, ತೊಡೆ, ಕಾಲುಗಳಲ್ಲಿ ಹೆಚ್ಚು. ಆದುದರಿಂದಲೇ ಮುಚ್ಚಿಡುವುದು ಸುಲಭವಾಗುತ್ತದೆ. ಬೆಟಗೇರಿಯ ನೇಕಾರರ ಮನೆಯ ತಾಯಿಯೊಬ್ಬಳು ತೊಡೆಯ ಮೇಲಿನ ಅಂಗೈಯಗಲದ ಮಚ್ಚೆಯನ್ನು ಏಳು ವರ್ಷ ಯಾರಿಗೂ ತೋರಿಸಿರಲಿಲ್ಲ. ಗಂಡನಿಗೂ ಗಜಕರ್ಣವೆಂದೇ ಹೇಳಿದ್ದಳು. ಇಂಥ ಮಚ್ಚೆಯನ್ನು ದಶಕಗಳ ಕಾಲ ಹಾಗೆಯೇ ಬಿಟ್ಟರೆ ಅದರಲ್ಲಿ ಚರ್ಮದ ಅರ್ಬುದ, ಎಂದರೆ ಕ್ಯಾನ್ಸರ್ ಹುಟ್ಟುವ ಸಾಧ್ಯತೆಯೂ ಇದೆ.

ಎರಡನೆಯದು ಮೇಲೆ ಹೇಳಿದ ಸ್ಕ್ರೋಫ್ಯುಲೋಡರ್ಮಾ. ಮಕ್ಕಳಲ್ಲಿಯೂ ಹರೆಯದವರಲ್ಲಿಯೂ ಹೆಚ್ಚು. ಇಲ್ಲಿ ರೋಗದ ಮೂಲ ಚರ್ಮದಲ್ಲಿಲ್ಲ. ಅದರ ಕೆಳಗಿನ ಗ್ರಂಥಿ, ಎಲುಬು ಅಥವಾ ಕೀಲಿನಲ್ಲಿದೆ. ಕುತ್ತಿಗೆ, ಕಂಕುಳ, ತೊಡೆಸಂದಿಯಲ್ಲಿ ನೋವಿಲ್ಲದ ಗಡ್ಡೆ ಏಳುತ್ತದೆ. ಮೇಲಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಒಡೆಯುತ್ತದೆ. ಸಾಮಾನ್ಯ ಕುರುವಿಗಿರುವ ಬಿಸಿಯಾಗಲಿ ಸಿಡಿತವಾಗಲಿ ಇದಕ್ಕಿಲ್ಲ, ಮುಟ್ಟಿದರೆ ತಣ್ಣಗಿರುತ್ತದೆ. ದಪ್ಪ ಕೀವಿನ ಬದಲು ನೀರಿನಂಥ, ಕೆಲವೊಮ್ಮೆ ಒಡೆದ ಹಾಲಿನ ಗಟ್ಟಿಯಂಥ ಸ್ರಾವ ಬರುತ್ತದೆ. ಅಂಚುಗಳು ಒಳಗೆ ಟೊಳ್ಳಾಗಿರುತ್ತವೆ. ಮಾಯ್ದ ಕಡೆ ಚರ್ಮ ಸುಕ್ಕುಗಟ್ಟಿ ಎಳೆದಂತಾಗುತ್ತದೆ. ನಮ್ಮ ಕಡೆ ಇಂಥ ಕುತ್ತಿಗೆಗೆ ಈಗಲೂ ಬರೆ ಹಾಕಿಸಿಕೊಂಡು ಬರುವವರಿದ್ದಾರೆ. ಬರೆಯಿಂದ ಎರಡನೆಯ ಗಾಯವಾಗುತ್ತದೆಯೇ ಹೊರತು ಮೊದಲನೆಯದು ಮಾಯುವುದಿಲ್ಲ.

ಮೂರನೆಯದು ನರಹುಲಿಯಂತೆ ಒರಟಾಗಿ ಬೆಳೆಯುವ ರೂಪ. ಬರಿಗಾಲಿನಲ್ಲಿ ನಡೆಯುವವರ ಅಂಗಾಲು, ಪಾದ, ಮೊಣಕಾಲು, ಕೈಗಳಿಗೆ ಸಣ್ಣ ತರಚು ಗಾಯದ ಮೂಲಕ ಹೊರಗಿನ ಕ್ರಿಮಿ ಒಳಹೊಕ್ಕು ಇದು ಉಂಟಾಗುತ್ತದೆ. ಸ್ಟೆಥಾಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್ ಎಂಬ ಮಹಾವೈದ್ಯರ ಬೆರಳಿಗೂ ಕ್ಷಯರೋಗಿಯ ಶವ ಪರೀಕ್ಷೆಯ ವೇಳೆ ಆದ ಗಾಯದಿಂದ ಇಂಥದೇ ಗಂಟು ಬಂದಿತ್ತು. ಮುಂಡರಗಿ ಕಡೆಯ ರೈತರೊಬ್ಬರು ಪಾದದ ಬದಿಯ ಒರಟು ಗಂಟನ್ನು ಆಣಿಯೆಂದು ತಿಳಿದು ಬ್ಲೇಡಿನಿಂದ ಕೊಯ್ದುಕೊಳ್ಳುತ್ತ ಮೂರು ವರ್ಷ ಕಳೆದಿದ್ದರು. ಆಣಿಯು ಒತ್ತಿದರೆ ನೋಯುತ್ತದೆ. ಇದು ಅಷ್ಟಾಗಿ ನೋಯುವುದಿಲ್ಲ. ಒತ್ತಿದಾಗ ಬಿರುಕುಗಳಿಂದ ಕೀವಿನ ಹನಿ ಬರಬಹುದು.

ಇವಲ್ಲದೆ, ಮಕ್ಕಳ ಬೆನ್ನು ಹೊಟ್ಟೆಗಳ ಮೇಲೆ ಗುಂಪುಗುಂಪಾಗಿ ಏಳುವ ಚರ್ಮದ ಬಣ್ಣದ ಸಣ್ಣ ಗುಳ್ಳೆಗಳು, ಹೆಣ್ಣುಮಕ್ಕಳ ಮೀನಖಂಡದಲ್ಲಿ ಏಳುವ ಗಂಟುಗಳು ಒಳಗೆಲ್ಲೋ ಅಡಗಿದ ಕ್ಷಯದ ಸೂಚನೆಯಾಗಿರಬಹುದು. ಅಲ್ಲಿ ಚರ್ಮವು ಕೇವಲ ದೂತ; ಶತ್ರು ಒಳಗಿರುತ್ತದೆ.

ಯಾವುದನ್ನು ಯಾವುದೆಂದು ತಿಳಿಯುತ್ತೇವೆ

ಗಜಕರ್ಣವು ತುರಿಸುತ್ತದೆ, ಉಂಗುರದಂತೆ ಅಂಚು ಕಟ್ಟುತ್ತದೆ, ವಾರಗಳಲ್ಲಿ ಹರಡುತ್ತದೆ, ಮನೆಯ ಇತರರಿಗೂ ಬರುತ್ತದೆ. ಕ್ಷಯದ ಮಚ್ಚೆ ಬಹುತೇಕ ಒಂದೇ ಇರುತ್ತದೆ ಮತ್ತು ತುರಿಸುವುದಿಲ್ಲ. ಕುಷ್ಠರೋಗದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಕ್ಷಯದ ಮಚ್ಚೆಯಲ್ಲಿ ಹತ್ತಿಯ ಎಳೆ ಸೋಕಿದರೂ ತಿಳಿಯುತ್ತದೆ. ಸೋರಿಯಾಸಿಸ್‌ನಲ್ಲಿ ಬೆಳ್ಳಿಯಂಥ ಹೊಟ್ಟು ಉದುರುತ್ತದೆ ಮತ್ತು ಸಾಮಾನ್ಯವಾಗಿ ದೇಹದ ಎರಡೂ ಬದಿಗೆ ಇರುತ್ತದೆ. ಹೊಲದ ಮಣ್ಣಿನಿಂದ ಪಾದಕ್ಕೆ ಬರುವ ಆಳವಾದ ಶಿಲೀಂಧ್ರ ರೋಗದಲ್ಲಿ ಪಾದ ಊದಿ ಹಲವು ರಂಧ್ರಗಳಿಂದ ಕಾಳಿನಂಥ ಕಣಗಳು ಬರುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಕಣ್ಣಿನಿಂದ ನೋಡಿ ಖಚಿತವಾಗಿ ಹೇಳಲು ನುರಿತ ತಜ್ಞರಿಗೂ ಆಗುವುದಿಲ್ಲ. ಮಚ್ಚೆಯ ಮೇಲೆ ಗಾಜಿನ ಪಟ್ಟಿ ಒತ್ತಿದಾಗ ರಕ್ತ ಸರಿದು, ಬೆಲ್ಲದ ತೆಳು ಪಾಕದಂಥ ಹಳದಿ-ಕಂದು ಚುಕ್ಕೆಗಳು ಕಾಣುತ್ತವೆಂದು ಪುಸ್ತಕಗಳು ಹೇಳುತ್ತವೆ. ಆ ಪುಸ್ತಕಗಳು ಬಿಳಿಯ ಚರ್ಮವನ್ನು ನೋಡಿ ಬರೆದವು. ನಮ್ಮ ಕಪ್ಪು, ಗೋದಿಬಣ್ಣದ ಚರ್ಮದಲ್ಲಿ ಅದು ಅನೇಕ ಸಲ ಕಾಣುವುದೇ ಇಲ್ಲ. ಕಾಣಲಿಲ್ಲವೆಂದು ಕ್ಷಯವಲ್ಲವೆನ್ನಲಾಗದು.

ಔಷಧ ಅಂಗಡಿಯ ಟ್ಯೂಬು

ನಮ್ಮ ಭಾಗದಲ್ಲಿ ಚರ್ಮಕ್ಕೆ ಏನಾದರೂ ಆದರೆ ಜನರು ಮೊದಲು ಹೋಗುವುದು ಔಷಧ ಅಂಗಡಿಗೆ. ಅಲ್ಲಿ ಕೊಡುವ ಟ್ಯೂಬಿನಲ್ಲಿ ಬಹುತೇಕ ಮೂರು ವಸ್ತು ಕೂಡಿರುತ್ತವೆ: ಶಿಲೀಂಧ್ರನಾಶಕ, ಪ್ರತಿಜೀವಕ ಮತ್ತು ಸ್ಟೀರಾಯ್ಡ್. ಕೆಂಪು ಇಳಿಸುವುದು ಸ್ಟೀರಾಯ್ಡಿನ ಕೆಲಸ. ಎರಡು ದಿನದಲ್ಲಿ ಮಚ್ಚೆ ಮಂಕಾಗುವುದರಿಂದ ಔಷಧ ಹತ್ತಿತೆಂಬ ನಂಬಿಕೆ ಬರುತ್ತದೆ. ವಾಸ್ತವದಲ್ಲಿ ದೇಹವು ಕ್ರಿಮಿಯೊಡನೆ ಹೋರಾಡುವ ಶಕ್ತಿಯನ್ನೇ ಆ ಸ್ಥಳದಲ್ಲಿ ಅದು ಕುಗ್ಗಿಸಿರುತ್ತದೆ. ರೋಗದ ರೂಪ ಮರೆಯಾಗಿ, ಮುಂದೆ ತಜ್ಞರಿಗೂ ಗುರುತು ಸಿಕ್ಕದಂತಾಗುತ್ತದೆ. ಕೆಲವು ಪ್ರತಿಜೀವಕ ಗುಳಿಗೆಗಳೂ ಹೀಗೆಯೇ. ಕ್ವಿನೊಲೋನ್ ವರ್ಗದ ಗುಳಿಗೆಗಳು ಕ್ಷಯದ ಕ್ರಿಮಿಯನ್ನು ಅರ್ಧ ಅಡಗಿಸಿ, ಗುಣವಾದಂತೆ ತೋರಿಸಿ, ಪರೀಕ್ಷೆಯ ಫಲವನ್ನೂ ಕೆಡಿಸುತ್ತವೆ. ಆದುದರಿಂದ ಸದ್ಭಕ್ತರಲ್ಲಿ ನನ್ನ ಪ್ರಾರ್ಥನೆ: ವೈದ್ಯರು ನೋಡದೆ ಚರ್ಮಕ್ಕೆ ಟ್ಯೂಬು ಹಚ್ಚಬೇಡಿರಿ. ಹಚ್ಚಿದ್ದರೆ ಆ ಟ್ಯೂಬನ್ನು ಮುಚ್ಚಿಡದೆ ವೈದ್ಯರಿಗೆ ತೋರಿಸಿರಿ.

ತುಣುಕು ಪರೀಕ್ಷೆಯ ಭಯ

ರೋಗವನ್ನು ನಿರ್ಣಯಿಸುವ ಮುಖ್ಯ ಸಾಧನ ಬಯಾಪ್ಸಿ, ಎಂದರೆ ಚರ್ಮದ ಸಣ್ಣ ತುಣುಕಿನ ಪರೀಕ್ಷೆ. ಜನರು ಅತ್ಯಂತ ಹೆದರುವುದೂ ಇದಕ್ಕೇ. “ತುಣುಕು ತಗದ್ರ ರೋಗ ಮೈತುಂಬಾ ಹಬ್ಬತೈತಂತ, ಖರೇ ಏನ್ರಿ?” ಎಂದು ಕೇಳದ ರೋಗಿಯೇ ಇಲ್ಲವೆನ್ನಬಹುದು. ಇದು ಖರೆಯಲ್ಲ. ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಜೋಳದ ಕಾಳಿನಷ್ಟು ತುಣುಕು ತೆಗೆದು, ಒಂದೆರಡು ಹೊಲಿಗೆ ಹಾಕುತ್ತಾರೆ. ಆ ದಿನವೇ ಮನೆಗೆ ಬರಬಹುದು. ಗಡ್ಡೆಯಿದ್ದರೆ ಸೂಜಿಯಿಂದ ಹೀರಿ ಪರೀಕ್ಷಿಸುವುದೂ ಉಂಟು.

ತುಣುಕನ್ನು ಎರಡು ಭಾಗ ಮಾಡಿ ಕಳಿಸಬೇಕೆಂಬುದು ಮುಖ್ಯ. ಒಂದು ಭಾಗ ಫಾರ್ಮಲಿನ್‌ನಲ್ಲಿ ಸೂಕ್ಷ್ಮದರ್ಶಕದ ಪರೀಕ್ಷೆಗೆ. ಇನ್ನೊಂದು ಲವಣಜಲದಲ್ಲಿ ಕ್ರಿಮಿ ಬೆಳೆಸುವ ಪರೀಕ್ಷೆಗೂ ಸಿಬಿನ್ಯಾಟ್‌ನಂಥ ಜೀನ್ ಪರೀಕ್ಷೆಗೂ. ಫಾರ್ಮಲಿನ್‌ನಲ್ಲಿ ಹಾಕಿದ ತುಣುಕಿನಿಂದ ಕ್ರಿಮಿ ಬೆಳೆಯಿಸಲಾಗದು. ಇದರ ಜೊತೆಗೆ ಮಾಂಟೂ ಪರೀಕ್ಷೆ, ಎದೆಯ ಎಕ್ಸ್-ರೇ, ಎಚ್‌ಐವಿ ಪರೀಕ್ಷೆ ಮಾಡಿಸುತ್ತಾರೆ. ಚರ್ಮದಲ್ಲಿ ಕ್ಷಯವಿದ್ದವರಿಗೆ ಪುಪ್ಪುಸದಲ್ಲಿಯೋ ಗ್ರಂಥಿಯಲ್ಲಿಯೋ ಎಲುಬಿನಲ್ಲಿಯೋ ಇರುವುದು ಸಾಮಾನ್ಯವಾದುದರಿಂದ ಇಡೀ ದೇಹವನ್ನು ನೋಡುವುದು ಅವಶ್ಯ.

ಇಲ್ಲಿ ಒಂದು ಸೂಕ್ಷ್ಮವಿದೆ. ಚರ್ಮದ ಕ್ಷಯದಲ್ಲಿ ಕ್ರಿಮಿಗಳ ಸಂಖ್ಯೆ ಬಹಳ ಕಡಿಮೆ. ಕಫದಲ್ಲಿ ಸಿಕ್ಕಂತೆ ಇಲ್ಲಿ ಕ್ರಿಮಿ ಸುಲಭವಾಗಿ ಸಿಕ್ಕುವುದಿಲ್ಲ. ಆದುದರಿಂದ “ಕ್ರಿಮಿ ಕಾಣಲಿಲ್ಲ” ಎಂಬ ಒಂದು ವರದಿಯನ್ನು ಹಿಡಿದು ರೋಗವಿಲ್ಲವೆಂದು ತೀರ್ಮಾನಿಸಬಾರದು. ಮಾಂಟೂ ಮಾತ್ರ ಬಲವಾಗಿ ಬಂದಿತೆಂದು ರೋಗವಿದೆಯೆಂದೂ ಹೇಳಬಾರದು. ನಮ್ಮ ದೇಶದಲ್ಲಿ ಆರೋಗ್ಯವಂತರಲ್ಲಿಯೂ ಅದು ಬರುತ್ತದೆ. ರೋಗದ ಇತಿಹಾಸ, ಗಾಯದ ರೂಪ, ತುಣುಕಿನಲ್ಲಿ ಕಾಣುವ ಜೀವಕೋಶಗಳ ಗುಂಪು, ಇವೆಲ್ಲವನ್ನೂ ಕೂಡಿಸಿ ತಜ್ಞರು ನಿರ್ಣಯಕ್ಕೆ ಬರಬೇಕಾಗುತ್ತದೆ. ಚಿಕಿತ್ಸೆ ಆರಂಭಿಸಿದ ನಾಲ್ಕರಿಂದ ಆರು ವಾರಗಳಲ್ಲಿ ಸುಧಾರಣೆ ಕಾಣದಿದ್ದರೆ, ನಿರ್ಣಯ ಸರಿಯಿದೆಯೇ, ಕ್ರಿಮಿಯು ಔಷಧಕ್ಕೆ ಬಗ್ಗದ ಜಾತಿಯದೇ ಎಂದು ಮತ್ತೆ ವಿಚಾರಿಸಬೇಕು.

ಹಿಂದೆ ಇಂಥ ಪರೀಕ್ಷೆಗೆ ನಮ್ಮವರು ಹುಬ್ಬಳ್ಳಿಗೋ ಮಿರಜಿಗೋ ಹೋಗಬೇಕಾಗುತ್ತಿತ್ತು. ಈಗ ಗದಗಿನಲ್ಲಿಯೇ ಸರಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಬಸ್ಸು ಹತ್ತಿದರೆ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ದೂರದ ನೆಪ ಇನ್ನು ಸಲ್ಲದು.

ಸಹವೈದ್ಯರಿಗೆ ಒಂದು ಮಾತು

ನಾನು ಆಯುರ್ವೇದವನ್ನು ಓದಿ, ಅದರಿಂದಲೇ ಬದುಕಿದವನು. ಆ ಹಕ್ಕಿನಿಂದಲೇ ನನ್ನ ಸಹವೈದ್ಯರಿಗೆ ಹೇಳುತ್ತಿದ್ದೇನೆ. ಕುತ್ತಿಗೆಯ ಗಡ್ಡೆಯನ್ನು ಕಂಡೊಡನೆ ಗಂಡಮಾಲೆಯೆಂದು ಹೆಸರಿಟ್ಟು ಕಾಂಚನಾರ ಗುಗ್ಗುಲುವನ್ನು ತಿಂಗಳಾನುಗಟ್ಟಲೆ ಕೊಡುವ ರೂಢಿಯನ್ನು ಬಿಡಬೇಕು. ಅದು ಕ್ಷಯವೇ, ಕ್ಯಾನ್ಸರೇ, ಬರಿಯ ಹಲ್ಲಿನ ಹುಳುಕಿನಿಂದ ಬಂದ ಬಾವೇ ಎಂಬುದು ಸೂಜಿ ಪರೀಕ್ಷೆಯಾಗದೆ ತಿಳಿಯುವುದಿಲ್ಲ. ಶಿರಹಟ್ಟಿ ಕಡೆಯ ಶಾಲೆಯ ಹುಡುಗಿಯೊಬ್ಬಳು ಹೀಗೆ ಹನ್ನೊಂದು ತಿಂಗಳು ಗುಳಿಗೆ ನುಂಗಿ, ಕುತ್ತಿಗೆಯಲ್ಲಿ ಮೂರು ರಂಧ್ರಗಳಾದ ಮೇಲೆ ನನ್ನಲ್ಲಿಗೆ ಬಂದಳು. ಸರಿಯಾದ ಚಿಕಿತ್ಸೆಯಿಂದ ಗುಣವಾದಳು. ಆದರೆ ಕಲೆಗಳು ಅಳಿಯಲಿಲ್ಲ. ವರನ ಕಡೆಯವರು ಆ ಕಲೆಗಳನ್ನು ಕುರಿತು ಕೇಳುತ್ತಾರೆಂದು ಅವಳ ತಾಯಿ ಕಣ್ಣೀರಿಡುತ್ತಾಳೆ.

ಭಗಂದರದ ವಿಷಯವೂ ಇಂಥದೇ. ಕ್ಷಾರಸೂತ್ರವು ನಮ್ಮ ಶಲ್ಯಶಾಸ್ತ್ರದ ಹೆಮ್ಮೆ. ಅದರ ಗುಣವನ್ನು ಆಧುನಿಕರೂ ಒಪ್ಪಿದ್ದಾರೆ. ಆದರೆ ಮತ್ತೆ ಮತ್ತೆ ಮರುಕಳಿಸುವ, ಹಲವು ಬಾಯಿಗಳಿರುವ, ನೀರಿನಂತೆ ಸೋರುವ ಭಗಂದರವು ಕ್ಷಯದಿಂದ ಆದುದಿರಬಹುದು. ಆಗ ಸೂತ್ರ ಬದಲಿಸುತ್ತ ಹೋದರೆ ಪ್ರಯೋಜನವಿಲ್ಲ. ಮಾರ್ಗದ ಗೋಡೆಯ ತುಣುಕನ್ನು ಪರೀಕ್ಷೆಗೆ ಕಳಿಸದೆ ಕ್ಷಾರಸೂತ್ರ ಕಟ್ಟಬಾರದೆಂಬುದು ನನ್ನ ನಿಲುವು.

ರೋಗಿಯನ್ನು ಬೇರೆ ಕಡೆ ಕಳಿಸಿದರೆ ನಮ್ಮ ಪದ್ಧತಿಗೆ ಕುಂದೆಂದು ಕೆಲವರು ಭಾವಿಸುತ್ತಾರೆ. ಸಾಧ್ಯ-ಅಸಾಧ್ಯಗಳನ್ನು ಮೊದಲು ನಿರ್ಣಯಿಸಿ ಆಮೇಲೆ ಚಿಕಿತ್ಸೆಗೆ ಕೈಹಾಕಬೇಕೆಂದು ಹೇಳಿದ್ದು ಆಯುರ್ವೇದವೇ. ಪರೀಕ್ಷೆಯಿಲ್ಲದೆ ಕೊಡುವ ಔಷಧವೇ ಪದ್ಧತಿಗೆ ಕುಂದು.

ಚಿಕಿತ್ಸೆ

ನಿರ್ಣಯವಾದ ಮೇಲೆ ದಾರಿ ನೇರವಾಗಿದೆ. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಔಷಧವು ಸಂಪೂರ್ಣ ಉಚಿತ. ಸಾಮಾನ್ಯವಾಗಿ ಮೊದಲ 2 ತಿಂಗಳು ನಾಲ್ಕು ಔಷಧಗಳು, ಮುಂದಿನ 4 ತಿಂಗಳು ಮೂರು, ಒಟ್ಟು 6 ತಿಂಗಳು. ಎಲುಬಿನಲ್ಲಿಯೂ ಇದ್ದರೆ ಅವಧಿ ಹೆಚ್ಚುತ್ತದೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ಆಹಾರಕ್ಕಾಗಿ ತಿಂಗಳಿಗೆ ₹500 ಬರುತ್ತಿತ್ತು. 2024ರ ನವೆಂಬರಿನಿಂದ ಅದು ₹1,000 ಆಗಿದೆ. ಚರ್ಮದ ಕ್ಷಯದವರಿಗೂ ಈ ಹಣ ಸಲ್ಲುತ್ತದೆಂಬುದು ಹಲವರಿಗೆ ತಿಳಿಯದು. ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಕಾಗಿಲ್ಲ. ಕಣ್ಣು ಹಳದಿಯಾದರೆ, ದೃಷ್ಟಿ ಮಂಕಾದರೆ ಕೂಡಲೇ ವೈದ್ಯರನ್ನು ಕಾಣಬೇಕು. ಗಾಯ ಮಾಯಿತೆಂದು ಎರಡು ಮೂರು ತಿಂಗಳಿಗೆ ಗುಳಿಗೆ ಬಿಡುವುದು ಅತ್ಯಂತ ಅಪಾಯಕಾರಿ.

ಆಯುರ್ವೇದಕ್ಕೆ ಇಲ್ಲಿ ಸ್ಥಾನವಿಲ್ಲವೇ ಎಂದು ಕೇಳುವಿರಿ. ಪಥ್ಯದಲ್ಲಿ, ಜೀರ್ಣಶಕ್ತಿಯನ್ನು ಕಾಪಾಡುವುದರಲ್ಲಿ, ಬಲ ತುಂಬುವುದರಲ್ಲಿ ಇದೆ. ಆದರೆ ಮುಖ್ಯ ಔಷಧದ ಬದಲಿಗೆ ಅಲ್ಲ. ಹಿಪ್ಪಲಿ ಮತ್ತು ಮೆಣಸಿನಲ್ಲಿರುವ ಪೈಪರಿನ್ ಎಂಬ ಸಾರವು ರಿಫಾಂಪಿಸಿನ್ ಎಂಬ ಕ್ಷಯದ ಔಷಧವನ್ನು ದೇಹವು ಹೆಚ್ಚು ಹೀರುವಂತೆ ಮಾಡುತ್ತದೆಂದು ಜಮ್ಮುವಿನ ಸಂಶೋಧಕರು ತೋರಿಸಿದ್ದಾರೆ. ಇದು ನಮಗೆ ಹೆಮ್ಮೆಯ ಮಾತಾದಂತೆ ಎಚ್ಚರಿಕೆಯ ಮಾತೂ ಹೌದು. ನಮ್ಮ ಚೂರ್ಣ, ಕಷಾಯಗಳು ಆ ಔಷಧದ ಪ್ರಮಾಣವನ್ನು ದೇಹದಲ್ಲಿ ಏರಿಳಿಸಬಲ್ಲವು, ಯಕೃತ್ತಿನ ಮೇಲಿನ ಭಾರ ಹೆಚ್ಚಿಸಬಲ್ಲವು. ಆದುದರಿಂದ ಚಿಕಿತ್ಸೆ ನೀಡುವ ವೈದ್ಯರಿಗೆ ತಿಳಿಸದೆ ಏನನ್ನೂ ಸೇವಿಸಬಾರದು. ಜೋಳದ ರೊಟ್ಟಿ, ಹೆಸರುಬೇಳೆ, ಕಾಳು ಪಲ್ಯ, ಶೇಂಗಾ, ಕಾಯಿಸಿದ ಹಾಲು, ಇವು ನಮ್ಮ ನೆಲದ ಉತ್ತಮ ಪಥ್ಯಗಳು.

ಚರ್ಮದ ಕ್ಷಯವು ಮುಟ್ಟಿದ ಮಾತ್ರಕ್ಕೆ ಹರಡುವುದು ತೀರ ಅಪರೂಪ. ಅಂಥವರಿಗೆ ಬೇರೆ ತಾಟು, ಬೇರೆ ಹಾಸಿಗೆ ಮಾಡುವುದು ಅಜ್ಞಾನ. ಆದರೆ ಮನೆಯಲ್ಲಿ ಯಾರಿಗಾದರೂ ಕೆಮ್ಮಿನ ಕ್ಷಯವಿದೆಯೇ ಎಂದು ಎಲ್ಲರನ್ನೂ ಪರೀಕ್ಷಿಸಬೇಕು. ಮಗುವಿಗೆ ಕ್ರಿಮಿ ಬಂದದ್ದು ಬಹುಶಃ ಮನೆಯ ದೊಡ್ಡವರಿಂದಲೇ.

ಮಠಗಳಲ್ಲಿ ವಿನಂತಿ

ಜಾತ್ರೆಗಳಲ್ಲಿ, ಪುಣ್ಯತಿಥಿಗಳಲ್ಲಿ ಮಠಗಳು ಉಚಿತ ಆರೋಗ್ಯ ಶಿಬಿರ ನಡೆಸುವುದು ದೊಡ್ಡ ಸೇವೆ. ಆದರೆ ಅರ್ಧ ದಿನದಲ್ಲಿ ಐದುನೂರು ಜನರಿಗೆ ಮುಲಾಮು ಹಂಚಿ ಮುಗಿಸುವ ಶಿಬಿರದಿಂದ ಚರ್ಮರೋಗಿಗಳಿಗೆ ಹಿತಕ್ಕಿಂತ ಅಹಿತವೇ ಹೆಚ್ಚೆಂದು ವಿನಯಪೂರ್ವಕವಾಗಿ ಹೇಳಬಯಸುತ್ತೇನೆ. ಮುಲಾಮಿನ ಬದಲು ಒಂದು ಚೀಟಿ ಕೊಡೋಣ. ಆರು ವಾರ ಮೀರಿದ ಗಾಯವಿದ್ದವರ ಹೆಸರು ಬರೆದುಕೊಂಡು, ನಿಗದಿತ ದಿನ ಅವರನ್ನು ಗದಗಿಗೆ ಕರೆದೊಯ್ಯಲು ಒಂದು ವಾಹನ ಗೊತ್ತುಮಾಡೋಣ. ಹೆಣ್ಣುಮಕ್ಕಳು ಮರೆಯಲ್ಲಿ ತೋರಿಸಲು ಒಬ್ಬ ಮಹಿಳಾ ವೈದ್ಯರೂ ಒಂದು ಪರದೆಯೂ ಇರಲಿ. ಪ್ರಸಾದ ನಿಲಯದ ಮಕ್ಕಳ ಕುತ್ತಿಗೆ, ಕಂಕುಳಗಳನ್ನು ವರ್ಷಕ್ಕೆರಡು ಬಾರಿ ನೋಡಿಸೋಣ. ಇದಕ್ಕೆ ದೊಡ್ಡ ಖರ್ಚಿಲ್ಲ. ಔಷಧ ಸರಕಾರದ್ದು, ರೋಗಿಯನ್ನು ಅದರ ಬಳಿಗೆ ಮುಟ್ಟಿಸುವ ದಾಸೋಹ ಮಾತ್ರ ನಮ್ಮದು.

ಮನೆಯಲ್ಲಿ ಯಾರ ಮೈಮೇಲಾದರೂ ನೋಯದ, ತುರಿಸದ, ಮಾಯದ ಮಚ್ಚೆಯೋ ಗಡ್ಡೆಯೋ ಇದ್ದರೆ, ಅದು ಎಷ್ಟು ದಿನದಿಂದ ಇದೆಯೆಂದು ಇಂದೇ ಕೇಳಿರಿ. ಆರು ವಾರ ಮೀರಿದ್ದರೆ ನಾಳಿನ ಬಸ್ಸು ತಪ್ಪಿಸಬೇಡಿರಿ.